ವೀಡಿಯೊ ಕುಂಟಿದರೆ ತಪ್ಪು ಯಾರದು?

ಸಂಘದ ಯಕ್ಷಗಾನವನ್ನು ಯಾರೋ ಹೊಸ ಫೋನಿನಲ್ಲಿ ಚೆನ್ನಾಗಿಯೇ ಚಿತ್ರೀಕರಿಸಿರುತ್ತಾರೆ. ಅದನ್ನು ಕಚೇರಿಯ ಹಳೆಯ ಕಂಪ್ಯೂಟರಿಗೆ ಹಾಕಿದರೆ ಚೆಂಡೆಯ ಸದ್ದು ಮುಂದೆ ಓಡುತ್ತದೆ, ವೇಷಧಾರಿಯ ಹೆಜ್ಜೆ ಹಿಂದೆ ಉಳಿಯುತ್ತದೆ. ‘ಫೈಲ್ ಕೆಟ್ಟಿದೆ, ಅಳಿಸಿಬಿಡಿ’ ಎನ್ನುತ್ತಾರೆ ಒಬ್ಬರು. ‘ಹೊಸ ಕಂಪ್ಯೂಟರ್ ತನ್ನಿ’ ಎನ್ನುತ್ತಾರೆ ಇನ್ನೊಬ್ಬರು. ಹೊರನಾಡಿನಲ್ಲಿ ನಾವು ಆಡಿದ ಎಷ್ಟೋ ನಾಟಕ, ತಾಳಮದ್ದಳೆಗಳಿಗೆ ಇಂಥ ಒಂದು ಫೈಲ್ ಬಿಟ್ಟರೆ ಬೇರೆ ದಾಖಲೆ ಇರುವುದಿಲ್ಲ. ಆದ್ದರಿಂದ ಅಳಿಸುವ ಮೊದಲು ದೋಷ ಎಲ್ಲಿದೆ ಎಂದು ನೋಡಬೇಕು.

ವಿಎಲ್‌ಸಿ, ಎಂಪಿವಿಯಂಥ ಪ್ಲೇಯರ್‌ಗಳ ಒಳಗೆ ದುಡಿಯುವುದು ಬಹುಪಾಲು ಎಫ್‌ಎಫ್‌ಎಂಪೆಗ್ ಎಂಬ ಮುಕ್ತ ತಂತ್ರಾಂಶದ ಲೈಬ್ರರಿಗಳು. ಫ್ರಾನ್ಸಿನ ಫ್ಯಾಬ್ರಿಸ್ ಬೆಲಾರ್ 2000ದಲ್ಲಿ ಆರಂಭಿಸಿದ ಯೋಜನೆ ಇದು. ವೀಡಿಯೊ ತೆರೆಗೆ ಬರುವ ಮೊದಲು ನಾಲ್ಕು ಕೆಲಸ ಆಗಬೇಕು: ಫೈಲ್ ಓದುವುದು, ಅದುಮಿಟ್ಟ ಚಿತ್ರವನ್ನು ಬಿಡಿಸುವುದು (ಡಿಕೋಡ್), ಬಣ್ಣದ ರೂಪ ಬದಲಿಸುವುದು, ತೋರಿಸುವುದು. ಸೆಕೆಂಡಿಗೆ 25 ಚಿತ್ರಗಳಾದರೆ ಒಂದೊಂದಕ್ಕೆ ಸಿಗುವುದು 40 ಮಿಲಿಸೆಕೆಂಡು. ಫುಲ್ ಎಚ್‌ಡಿಯ ಒಂದು ಚಿತ್ರ ಬಿಚ್ಚಿದಾಗ ಸುಮಾರು 31 ಲಕ್ಷ ಬೈಟ್. 4ಕೆ ಆದರೆ ಅದರ ನಾಲ್ಕು ಪಟ್ಟು. ಯಾವುದೇ ಒಂದು ಹಂತ ತಡವಾದರೂ ವೀಡಿಯೊ ಕುಂಟುತ್ತದೆ.

ಮೊದಲ ಪರೀಕ್ಷೆ ಸುಲಭ. ಪೆನ್‌ಡ್ರೈವ್ ಅಥವಾ ವೈಫೈ ಮೂಲಕ ನೋಡುತ್ತಿದ್ದರೆ ಫೈಲನ್ನು ಕಂಪ್ಯೂಟರಿನ ಡಿಸ್ಕಿಗೆ ನಕಲಿಸಿ ನೋಡಿ. ಸರಿಹೋದರೆ ತೊಂದರೆ ಇದ್ದದ್ದು ಓದುವ ಹಂತದಲ್ಲಿ.

ಹೋಗದಿದ್ದರೆ ಎಫ್‌ಎಫ್‌ಎಂಪೆಗ್‌ಗೆ ‘ನಲ್’ ಔಟ್‌ಪುಟ್ ಕೊಟ್ಟು, ಏನನ್ನೂ ತೋರಿಸದೆ, ಬರೆಯದೆ ಬರೀ ಡಿಕೋಡ್ ಮಾಡಿಸಿ. ಆಗ ‘ಸ್ಪೀಡ್’ ಎಂಬ ಅಂಕಿ ಕಾಣುತ್ತದೆ. ಅದು 1ಕ್ಕಿಂತ ಕಡಿಮೆ ಇದ್ದರೆ ಪ್ರೊಸೆಸರಿಗೆ ಈ ವೀಡಿಯೊ ಭಾರ. 3, 4 ಬಂದರೆ ಡಿಕೋಡ್ ನಿರಪರಾಧಿ. ಗ್ರಾಫಿಕ್ಸ್ ಡ್ರೈವರ್ ಕಡೆ ನೋಡಿ. ಇದು ಸರಾಸರಿ ಎಂಬುದು ನೆನಪಿರಲಿ: ಅಂಕಿ 1ಕ್ಕಿಂತ ಸ್ವಲ್ಪವೇ ಹೆಚ್ಚಿದ್ದರೆ ಕುಣಿತ ಬಿರುಸಾದಾಗ ಮುಗ್ಗರಿಸಬಹುದು.

ಭಾರಕ್ಕೆ ಸಾಮಾನ್ಯ ಕಾರಣ ಎಚ್‌ಇವಿಸಿ. 2003ರ ಎಚ್.264ಗಿಂತ ಕಡಿಮೆ ಜಾಗ ಸಾಕೆಂದು 2013ರ ಈ ಮಾದರಿಯನ್ನು ಫೋನುಗಳು ಬಳಸುತ್ತವೆ. ಆದರೆ ಬಿಚ್ಚುವ ಲೆಕ್ಕ ಹೆಚ್ಚು. ಇಂಟೆಲ್‌ನಲ್ಲಿ 2015ರ ಆರನೇ ಪೀಳಿಗೆಯಿಂದ ಗ್ರಾಫಿಕ್ಸ್ ಭಾಗವೇ ಇದನ್ನು ಪೂರ್ತಿಯಾಗಿ ಬಿಚ್ಚುತ್ತದೆ. ಅದರಲ್ಲಿನ 10 ಬಿಟ್ ವೀಡಿಯೊಗೆ ಏಳನೇ ಪೀಳಿಗೆ ಬೇಕು. ಸೌಲಭ್ಯವಿದ್ದ ಮಾತ್ರಕ್ಕೆ ಅದು ಬಳಕೆಯಾಗುತ್ತದೆ ಎಂದಲ್ಲ. ಎಂಪಿವಿಯಲ್ಲಿ ಹಾರ್ಡ್‌ವೇರ್ ಡಿಕೋಡಿಂಗ್ ಮೂಲತಃ ಆಫ್. ಕಂಟ್ರೋಲ್ ಮತ್ತು ಎಚ್ ಕೀಲಿ ಒಟ್ಟಿಗೆ ಒತ್ತಿದರೆ ಆನ್. ಎಷ್ಟೋ ಬಾರಿ ಇಷ್ಟರಲ್ಲೇ ಹೆಜ್ಜೆ ತಾಳಕ್ಕೆ ಕೂಡುತ್ತದೆ.

ಸ್ವಂತ ಪ್ಲೇಯರ್ ಬರೆಯುತ್ತಿರುವ ನಮ್ಮ ಹುಡುಗ ಹುಡುಗಿಯರಿಗೆ ಎರಡು ಮಾತು. ಬಣ್ಣ, ಅಳತೆ ಬದಲಿಸುವ ಕೆಲಸವನ್ನು ಪ್ರೊಸೆಸರಿನ ತಲೆಗೆ ಕಟ್ಟದೆ ಗ್ರಾಫಿಕ್ಸ್‌ಗೆ ಬಿಡಿ. ಧ್ವನಿಯನ್ನೇ ಗಡಿಯಾರ ಮಾಡಿಕೊಂಡು, ತಡವಾದ ಚಿತ್ರವನ್ನು ಕೈಬಿಡಿ. ಕಿವಿಗೆ ಬೀಳುವ ತಡೆಯಷ್ಟು ಅದು ಕಾಡುವುದಿಲ್ಲ.

ಏನು ಮಾಡಿದರೂ ಹಳೆಯ ಯಂತ್ರ ಎಳೆಯದಿದ್ದರೆ ಫುಲ್ ಎಚ್‌ಡಿ ಅಳತೆಯ ಎಚ್.264 ಪ್ರತಿಯೊಂದನ್ನು ಮಾಡಿಕೊಳ್ಳಿ. ಪ್ರದರ್ಶನಕ್ಕೆ ಅದು ಸಾಕು. ಮೂಲ ಫೈಲನ್ನು ಮಾತ್ರ ಅಳಿಸಬೇಡಿ: ಹೀಗೆ ಬದಲಿಸಿದಾಗ ಕಳೆದುಹೋದ ವಿವರ ಮತ್ತೆ ಬರುವುದಿಲ್ಲ. ಇಂದು ಕುಂಟುವ ಆ ಮೂಲ, ನಾಳೆಯ ಕಂಪ್ಯೂಟರಿನಲ್ಲಿ ಸರಾಗವಾಗಿ ಓಡುತ್ತದೆ.