ಸಾಹಸ ಪ್ರವಾಸದ ಬೈಕಿಗೆ ಎಂಥ ಟಯರು?

2016ರಲ್ಲಿ ರಾಯಲ್ ಎನ್‌ಫೀಲ್ಡ್ ಹಿಮಾಲಯನ್, 2019ರಲ್ಲಿ ಹೀರೋ ಎಕ್ಸ್‌ಪಲ್ಸ್ 200, 2020ರಲ್ಲಿ ಕೆಟಿಎಂ 390 ಅಡ್ವೆಂಚರ್. ಹೀಗೆ ಒಂದರ ಹಿಂದೊಂದರಂತೆ ಮಾರುಕಟ್ಟೆಗೆ ಬಂದ ಎತ್ತರದ ಬೈಕುಗಳು ಈಗ ಮಲೆನಾಡು ಮತ್ತು ಕರಾವಳಿಯ ರಸ್ತೆಗಳಲ್ಲಿ ಸಾಮಾನ್ಯ ದೃಶ್ಯವಾಗಿವೆ. ಡಾಂಬರು ಮುಗಿದ ಮೇಲೂ ಮುಂದೆ ಹೋಗಬಲ್ಲವು ಎಂಬುದೇ ಈ ಬೈಕುಗಳ ಆಕರ್ಷಣೆ. ಕಾರ್ಖಾನೆಯಿಂದ ಬಂದ ಟಯರು ಸವೆದು ಹೊಸತನ್ನು ಕೊಳ್ಳುವ ಸಮಯ ಬಂದಾಗ ಬಹುತೇಕ ಸವಾರರ ಕಣ್ಣು ಮೊದಲು ಬೀಳುವುದು ದಪ್ಪ ದಪ್ಪ ಗಡ್ಡೆಗಳಿರುವ, ನಮ್ಮಲ್ಲಿ ‘ಬಟನ್ ಟಯರು’ ಎಂದೇ ಕರೆಯಲಾಗುವ ಟಯರಿನ ಮೇಲೆ. ನೋಡಲು ಅದು ಗಂಭೀರವಾಗಿದೆ, ಬೈಕಿಗೆ ಒಪ್ಪುತ್ತದೆ. ಆದರೆ ಜುಲೈ ತಿಂಗಳ ಮಳೆಯಲ್ಲಿ ಚಾರ್ಮಾಡಿಯ ತಿರುವೊಂದರಲ್ಲಿ ಬ್ರೇಕು ಹಾಕಬೇಕಾಗಿ ಬಂದಾಗ ಆ ನೋಟ ನೆರವಿಗೆ ಬರುವುದಿಲ್ಲ.

ಕಾರಣ ಸರಳವಾಗಿದೆ. ಬೈಕಿನ ಒಂದು ಚಕ್ರ ಯಾವುದೇ ಕ್ಷಣದಲ್ಲಿ ನೆಲವನ್ನು ತಾಗಿರುವುದು ಅಂಗೈ ಅಗಲದಷ್ಟು ಜಾಗದಲ್ಲಿ ಮಾತ್ರ. ಬಟನ್ ಟಯರಿನಲ್ಲಿ ಗಡ್ಡೆಗಳ ನಡುವೆ ದೊಡ್ಡ ಖಾಲಿ ಜಾಗಗಳಿರುವುದರಿಂದ ಆ ಅಂಗೈ ಅಗಲದಲ್ಲಿಯೂ ಒಂದು ಪಾಲು ಮಾತ್ರ ರಬ್ಬರು, ಉಳಿದದ್ದು ಗಾಳಿ. ಸಡಿಲ ಮಣ್ಣಿನಲ್ಲಿ ಇದು ಒಳ್ಳೆಯದೇ. ಗಡ್ಡೆ ನೆಲದೊಳಕ್ಕೆ ಇಳಿದು ಕಚ್ಚಿಕೊಳ್ಳುತ್ತದೆ, ಖಾಲಿ ಜಾಗ ಕೆಸರನ್ನು ಹೊರಕ್ಕೆ ಎಸೆಯುತ್ತದೆ. ಡಾಂಬರಿನೊಳಕ್ಕೆ ಇಳಿಯಲು ಅವಕಾಶವಿಲ್ಲ. ಅಲ್ಲಿ ಹಿಡಿತ ಬರಬೇಕಾದದ್ದು ರಬ್ಬರು ನೆಲಕ್ಕೆ ಅಂಟಿಕೊಳ್ಳುವುದರಿಂದ. ಬ್ರೇಕು ಒತ್ತಿದಾಗ ಎತ್ತರದ ಗಡ್ಡೆಗಳು ಬಾಗುತ್ತವೆ, ಬೈಕು ತೇಲಿದಂತೆ ಭಾಸವಾಗುತ್ತದೆ. ಒದ್ದೆ ರಸ್ತೆಯಲ್ಲಿ ಈ ಕೊರತೆ ಇನ್ನಷ್ಟು ಎದ್ದು ಕಾಣುತ್ತದೆ. ಎಬಿಎಸ್ ಇದೆಯಲ್ಲ ಎಂದು ಕೇಳುವವರಿದ್ದಾರೆ. ಚಕ್ರ ತಿರುಗುವುದನ್ನೇ ನಿಲ್ಲಿಸಿ ಜಾರದಂತೆ ಎಬಿಎಸ್ ತಡೆಯುತ್ತದೆಯೇ ಹೊರತು ಟಯರಿನಲ್ಲಿ ಇಲ್ಲದ ಹಿಡಿತವನ್ನು ಅದು ಸೃಷ್ಟಿಸಲಾರದು.

ಆದ್ದರಿಂದ ಅಂಗಡಿಗೆ ಹೋಗುವ ಮುನ್ನ ಸವಾರ ತನ್ನನ್ನು ತಾನು ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಳೆದ ವರ್ಷ ಓಡಿಸಿದ ಕಿಲೋಮೀಟರುಗಳಲ್ಲಿ ಡಾಂಬರಿನ ಮೇಲೆ ಎಷ್ಟು, ಮಣ್ಣಿನ ಮೇಲೆ ಎಷ್ಟು? ಓಡಿಸಬೇಕೆಂದು ಕನಸು ಕಂಡ ಕಿಲೋಮೀಟರುಗಳನ್ನು ಈ ಲೆಕ್ಕಕ್ಕೆ ಸೇರಿಸಬಾರದು. ಬೆಂಗಳೂರಿನಿಂದ ಶನಿವಾರ ಬೆಳಗ್ಗೆ ಹೊರಟು ಹಾಸನದ ಮೇಲೆ ಸಕಲೇಶಪುರಕ್ಕೆ ಬಂದು, ಕೊನೆಯ ಐದಾರು ಕಿಲೋಮೀಟರು ಮಣ್ಣುದಾರಿಯಲ್ಲಿ ತೋಟದ ಮನೆ ತಲುಪಿ, ಭಾನುವಾರ ಹಿಂದಿರುಗುವವರ ಲೆಕ್ಕದಲ್ಲಿ ಮಣ್ಣು ನೂರಕ್ಕೆ ಐದು ಪಾಲೂ ಆಗಲಾರದು. ಇಂಥವರಿಗೆ ಡಾಂಬರಿಗೆ ಒತ್ತು ನೀಡುವ, ಅಗಲವಾದ ಗಡ್ಡೆಗಳು ಹತ್ತಿರ ಹತ್ತಿರವಿರುವ ಟಯರೇ ಸರಿ. ತೋಟದೊಳಗೇ ಮನೆಯಿದ್ದು, ಮಳೆಗಾಲವಿಡೀ ದಿನಕ್ಕೆರಡು ಬಾರಿ ಕೆಸರಿನಲ್ಲಿ ಏರಿ ಇಳಿಯಬೇಕಾದ ಚಿಕ್ಕಮಗಳೂರಿನ ಬೆಳೆಗಾರನ ಮಾತು ಬೇರೆ. ಆತನಿಗೆ ಬಟನ್ ಟಯರು ಅಲಂಕಾರವಲ್ಲ, ಅಗತ್ಯ.

ಟಯರು ಕಂಪನಿಗಳು ಈ ಹಂಚಿಕೆಯನ್ನು 90/10, 80/20, 50/50 ಎಂಬ ಅಂಕಿಗಳಲ್ಲಿ ಹೇಳುತ್ತವೆ. ಮೊದಲನೆಯದು ಡಾಂಬರು, ಎರಡನೆಯದು ಮಣ್ಣು. ಇದು ಯಾವುದೇ ಪ್ರಯೋಗಾಲಯದ ಅಳತೆಯಲ್ಲ, ಕಂಪನಿಯ ಅಂದಾಜು ಮಾತ್ರ ಎಂಬುದನ್ನು ಮರೆಯಬಾರದು. ಒಂದು ಕಂಪನಿಯ 70/30 ಇನ್ನೊಂದು ಕಂಪನಿಯ 50/50ಕ್ಕಿಂತ ಮಣ್ಣಿನಲ್ಲಿ ಚೆನ್ನಾಗಿ ಓಡಬಹುದು. ಅಂಕಿಗಿಂತ ಟಯರನ್ನೇ ಕಣ್ಣಿಟ್ಟು ನೋಡುವುದು ಮೇಲು. ಮಧ್ಯಭಾಗದಲ್ಲಿ ರಬ್ಬರು ಎಡೆಬಿಡದೆ ಸಾಗಿದೆಯೇ, ಗಡ್ಡೆಗಳ ನಡುವಿನ ತೋಡು ಎಷ್ಟು ಅಗಲವಾಗಿದೆ, ಬಾಗಿದಾಗ ನೆಲ ತಾಗುವ ಅಂಚಿನಲ್ಲಿ ಎಷ್ಟು ರಬ್ಬರಿದೆ ಎಂಬ ಮೂರು ಸಂಗತಿಗಳು ಬಹಳಷ್ಟನ್ನು ಹೇಳುತ್ತವೆ. ರಬ್ಬರಿನ ಮಿಶ್ರಣದಲ್ಲಿ ಸಿಲಿಕಾ ಇದ್ದರೆ ಒದ್ದೆಯಲ್ಲಿ ಹಿಡಿತ ಹೆಚ್ಚುತ್ತದೆ. ಇದು ಕಣ್ಣಿಗೆ ಕಾಣದು, ಕಂಪನಿಯ ವಿವರಪತ್ರದಲ್ಲಿ ಹುಡುಕಬೇಕು.

ನಮ್ಮ ನಾಡಿನ ನೆಲವೂ ಒಂದೇ ಬಗೆಯದಲ್ಲ. ಕರಾವಳಿಯ ಕೆಂಪು ಜಂಬುಮಣ್ಣು ಮಳೆಯಲ್ಲಿ ಬೆಣ್ಣೆಯಂತಾಗುತ್ತದೆ. ಸಣ್ಣ ಗೀರುಗಳಿರುವ ರಸ್ತೆ ಟಯರು ಹತ್ತು ಮಾರು ಹೋಗುವಷ್ಟರಲ್ಲಿ ಕೆಸರು ತುಂಬಿ ಬೋಳು ಟಯರಿನಂತೆಯೇ ಆಗಿಬಿಡುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣಿನ ಹೊಲದಾರಿಯಲ್ಲಾದರೋ ಒಂದು ಮಳೆಯ ಬಳಿಕ ಬಟನ್ ಟಯರೂ ಸೋಲುತ್ತದೆ. ಮಣ್ಣು ಟಯರಿಗೆ ಮೆತ್ತಿ ಮಡ್‌ಗಾರ್ಡಿನೊಳಗೆ ಗಟ್ಟಿಯಾಗಿ ಚಕ್ರವೇ ನಿಂತುಹೋಗುತ್ತದೆ. ಅಲ್ಲಿ ಬೇಕಾದದ್ದು ಟಯರಿಗಿಂತ ಕಾಯುವ ತಾಳ್ಮೆ. ಘಟ್ಟಗಳಲ್ಲಿ ನೆರಳು ಬೀಳುವ ಅಂಚಿನಲ್ಲಿ ಪಾಚಿ, ಶಿರಾಡಿಯಂಥ ಕಡೆ ಕಾಂಕ್ರೀಟು, ಕರಾವಳಿಯ ಹೆದ್ದಾರಿಯಲ್ಲಿ ಮೀನಿನ ಲಾರಿಗಳಿಂದ ಸೋರಿದ ನೀರು, ಸೇತುವೆಗಳ ಕಬ್ಬಿಣದ ಜೋಡಣೆ, ರಸ್ತೆಗೆ ಬಳಿದ ಬಿಳಿ ಬಣ್ಣದ ಪಟ್ಟಿ: ಇವೆಲ್ಲವೂ ಗಟ್ಟಿ ನೆಲದ ಮೇಲಿನ ಅಪಾಯಗಳು. ಇವುಗಳ ಮುಂದೆ ಗಡ್ಡೆಯ ಎತ್ತರ ಪ್ರಯೋಜನಕ್ಕೆ ಬಾರದು. ಘಟ್ಟದ ಸವಾರಿಯೇ ಹೆಚ್ಚಾಗಿರುವವರು ಮಳೆಯ ಹಿಡಿತವನ್ನು ಮೊದಲು ನೋಡಿ, ಮಣ್ಣನ್ನು ಆಮೇಲೆ ನೋಡಬೇಕೆಂಬುದು ಈ ಲೇಖಕನ ಖಚಿತ ಅಭಿಪ್ರಾಯ.

ಬಗೆ ನಿರ್ಧಾರವಾದ ಮೇಲೆ ಅಳತೆಯ ವಿಚಾರ. ಟಯರಿನ ಪಾರ್ಶ್ವದಲ್ಲಿ 90/90-21 54 ಎಚ್ ಎಂದು ಅಚ್ಚಾಗಿದ್ದರೆ ಮೊದಲ 90 ಅಗಲ, ಮಿಲಿಮೀಟರಿನಲ್ಲಿ. ಎರಡನೆಯ 90 ಎಂದರೆ ಟಯರಿನ ಎತ್ತರ ಅಗಲದ ನೂರಕ್ಕೆ ತೊಂಬತ್ತು ಪಾಲು, ಅಂದರೆ 81 ಮಿ.ಮೀ. ಕೊನೆಯ 21 ರಿಮ್ಮಿನ ವ್ಯಾಸ, ಇಂಚಿನಲ್ಲಿ. ನಡುವಿನ ಗೆರೆಯ ಬದಲು ಆರ್ ಎಂಬ ಅಕ್ಷರವಿದ್ದರೆ ಅದು ರೇಡಿಯಲ್ ಟಯರು. ಮೊದಲಿನ ಹಿಮಾಲಯನ್ 411ರ ಹಿಂಬದಿಗೆ 120/90-17 ಬೇಕು, 2023ರಲ್ಲಿ ಬಂದ ಹಿಮಾಲಯನ್ 450ಕ್ಕೆ 140/80 ಆರ್ 17 ಬೇಕು. ‘ಹಿಮಾಲಯನ್ ಟಯರು ಕೊಡಿ’ ಎಂದಷ್ಟೇ ಕೇಳಿದರೆ ಸಾಲದು ಎಂಬುದಕ್ಕೆ ಇದಕ್ಕಿಂತ ಉತ್ತಮ ಉದಾಹರಣೆ ಬೇಕಿಲ್ಲ. ಎಕ್ಸ್‌ಪಲ್ಸ್ 200ರ ಹಿಂಚಕ್ರವಂತೂ 18 ಇಂಚಿನದು.

ಅಂದಕ್ಕಾಗಿ ಒಂದು ಅಳತೆ ದಪ್ಪದ ಟಯರನ್ನು ಹಾಕಿಸುವ ಚಪಲ ಅನೇಕರಿಗಿದೆ. ದಪ್ಪ ಟಯರು ಚೈನಿಗೋ ಸ್ವಿಂಗ್ ಆರ್ಮಿಗೋ ತಾಗಬಹುದು. ಕಿರಿದಾದ ರಿಮ್ಮಿನಲ್ಲಿ ಹಿಂಡಿಕೊಂಡು ಅದರ ಆಕಾರವೇ ಬದಲಾಗುವುದರಿಂದ ಬೈಕು ಬಾಗುವ ರೀತಿಯೂ ಕೆಡುತ್ತದೆ. ಚಕ್ರದ ಒಟ್ಟು ಸುತ್ತಳತೆ ಹೆಚ್ಚುಕಡಿಮೆಯಾದರೆ ಎರಡೂ ಚಕ್ರಗಳ ವೇಗವನ್ನು ಹೋಲಿಸಿ ಕೆಲಸ ಮಾಡುವ ಎಬಿಎಸ್ ವ್ಯವಸ್ಥೆಗೂ ಅದು ಒಳ್ಳೆಯದಲ್ಲ. ಬೈಕಿನ ಕೈಪಿಡಿಯಲ್ಲಿರುವ ಅಳತೆಯನ್ನು ಬಿಟ್ಟು ಕದಲದಿರುವುದೇ ಜಾಣತನ.

ಅಳತೆಯ ಪಕ್ಕದಲ್ಲಿರುವ 54 ಭಾರದ ಸೂಚಕ. ಆ ಟಯರು 212 ಕಿಲೋ ಹೊರಬಲ್ಲದು ಎಂದರ್ಥ. 64 ಎಂದಿದ್ದರೆ 280 ಕಿಲೋ. ಪ್ರವಾಸಿ ಬೈಕಿನಲ್ಲಿ ಇದು ಕಡೆಗಣಿಸುವ ಸಂಖ್ಯೆಯಲ್ಲ. ಇನ್ನೂರು ಕಿಲೋ ತೂಗುವ ಬೈಕು, ಇಬ್ಬರು ಸವಾರರು, ಎರಡು ಪೆಟ್ಟಿಗೆ, ಡೇರೆ, ಪೆಟ್ರೋಲ್ ಕ್ಯಾನು ಎಲ್ಲ ಸೇರಿದರೆ ಒಟ್ಟು ತೂಕ ನಾನ್ನೂರು ಕಿಲೋದ ಹತ್ತಿರ ಬರುತ್ತದೆ, ಅದರಲ್ಲಿ ದೊಡ್ಡ ಪಾಲು ಹಿಂಚಕ್ರದ ಮೇಲೆ. ಅಕ್ಷರವು ವೇಗದ ಮಿತಿ. ಕ್ಯೂ ಎಂದರೆ ಗಂಟೆಗೆ 160, ಎಸ್ ಎಂದರೆ 180, ಎಚ್ ಎಂದರೆ 210 ಕಿ.ಮೀ. ಬಟನ್ ಟಯರುಗಳಲ್ಲಿ ಈ ಮಿತಿ ಸಾಮಾನ್ಯವಾಗಿ ಕೆಳಗಿರುತ್ತದೆ. ನಮ್ಮ ರಸ್ತೆಗೆ 160 ಸಾಕಷ್ಟಾಯಿತು, ಚಿಂತಿಸಬೇಕಾದದ್ದು ಭಾರದ ಸೂಚಕದ ಬಗ್ಗೆಯೇ.

ಇನ್ನು ಟ್ಯೂಬಿನ ಮಾತು. ಕಡ್ಡಿಗಳಿರುವ, ಅಂದರೆ ಸ್ಪೋಕ್ಸ್ ಚಕ್ರಗಳಲ್ಲಿ ಬಹುಪಾಲಿಗೆ ಟ್ಯೂಬು ಬೇಕೇ ಬೇಕು. ಟ್ಯೂಬ್‌ಲೆಸ್ ಎಂದು ಬರೆದ ಟಯರನ್ನು ಇಂಥ ರಿಮ್ಮಿಗೆ ಟ್ಯೂಬು ಸೇರಿಸಿ ಹಾಕಲು ಕಂಪನಿ ಒಪ್ಪಿಗೆ ನೀಡಿದ್ದರೆ ಅಡ್ಡಿಯಿಲ್ಲ. ಆದರೆ ಮೊಳೆ ಚುಚ್ಚಿದಾಗ ಗಾಳಿ ನಿಧಾನವಾಗಿ ಇಳಿಯುವ ಟ್ಯೂಬ್‌ಲೆಸ್ ಲಾಭ ಅಲ್ಲಿ ಸಿಗದು. 21 ಇಂಚಿನ ಟ್ಯೂಬು ಹಳ್ಳಿಯ ಪಂಕ್ಚರ್ ಅಂಗಡಿಯಲ್ಲಿ ದೊರೆಯುವ ಸಂಭವ ಕಡಿಮೆ. ದೂರ ಹೋಗುವವರು ಒಂದನ್ನು ಜೊತೆಯಲ್ಲಿಯೇ ಇಟ್ಟುಕೊಳ್ಳಬೇಕು. ಪ್ರಾಣಸಂಕಟದಲ್ಲಿ ಅದನ್ನೇ ಹಿಂಚಕ್ರಕ್ಕೂ ಮಡಚಿ ತುರುಕಿ, ಹತ್ತಿರದ ಊರಿನವರೆಗೆ ನಿಧಾನವಾಗಿ ಬಂದವರು ಅನೇಕರಿದ್ದಾರೆ. ಹೊಸ ಟಯರಿಗೆ ಹಳೆಯ ಟ್ಯೂಬನ್ನೇ ತೂರಿಸುವ ಉಳಿತಾಯ ಬೇಡ. ಹಿಗ್ಗಿದ ಟ್ಯೂಬು ಒಳಗೆ ಮಡಿಕೆಬಿದ್ದು ಹರಿಯುತ್ತದೆ. ಅಲಾಯ್ ಚಕ್ರದವರಿಗೆ ಈ ತಾಪತ್ರಯವಿಲ್ಲ, ಆದರೆ ಕಲ್ಲಿಗೆ ಬಡಿದು ರಿಮ್ಮಿನ ಅಂಚು ಸೊಟ್ಟಗಾದರೆ ಗಾಳಿ ನಿಲ್ಲದು.

ಮುಂದಿನದೂ ಹಿಂದಿನದೂ ಒಂದೇ ಕಂಪನಿಯ ಒಂದೇ ಜೋಡಿಯಾಗಿರುವುದು ಲೇಸು. ಹಿಂಬದಿಯದು ಬೇಗ ಸವೆಯುವುದರಿಂದ ಅದೊಂದನ್ನೇ ಬದಲಿಸುವುದು ತಪ್ಪೇನಲ್ಲ, ಆದರೆ ಹಿಂದೆ ರಸ್ತೆ ಟಯರು, ಮುಂದೆ ಸವೆದ ಬಟನ್ ಟಯರು ಎಂಬ ಸ್ಥಿತಿ ಬರಬಾರದು. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂಚಕ್ರ ಜಾರಿದರೆ ಆ ಅವಕಾಶ ಅಪರೂಪ. ಕೇಂದ್ರ ಮೋಟಾರು ವಾಹನ ನಿಯಮಗಳು ದ್ವಿಚಕ್ರ ವಾಹನಕ್ಕೆ 0.8 ಮಿ.ಮೀ. ಆಳದ ತೋಡು ಉಳಿದಿರಲೇಬೇಕೆನ್ನುತ್ತವೆ. ಅದು ಕಾನೂನಿನ ಗೆರೆ, ಮಳೆಯ ಗೆರೆಯಲ್ಲ. ಎರಡು ಮಿಲಿಮೀಟರಿಗೆ ಬಂದಾಗಲೇ, ಅದರಲ್ಲೂ ಜೂನ್ ಹತ್ತಿರವಿದ್ದರೆ, ಬದಲಿಸುವುದೊಳಿತು.

ಕೊಳ್ಳುವಾಗ ವಯಸ್ಸನ್ನೂ ನೋಡಬೇಕು. ಪಾರ್ಶ್ವದಲ್ಲಿ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿಗಳಿರುತ್ತವೆ. 2324 ಎಂದಿದ್ದರೆ 2024ರ 23ನೆಯ ವಾರ ತಯಾರಾದದ್ದು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ಟಯರುಗಳ ಆಮದನ್ನು ನಿರ್ಬಂಧಿತ ಪಟ್ಟಿಗೆ ಸೇರಿಸಿದ ಬಳಿಕ ವಿದೇಶಿ ಟಯರುಗಳಿಗೆ ಅಭಾವ ಉಂಟಾಯಿತು. ಅಭಾವವಿರುವೆಡೆ ಹಳೆಯ ಸರಕಿಗೂ ಬೆಲೆ ಬರುತ್ತದೆ. ಗೋದಾಮಿನಲ್ಲಿ ವರ್ಷಗಟ್ಟಲೆ ಕುಳಿತ ರಬ್ಬರು ಗಟ್ಟಿಯಾಗಿರುತ್ತದೆ, ಮೇಲೆ ಎಷ್ಟು ಹೊಳೆದರೂ ಒದ್ದೆಯಲ್ಲಿ ಹಿಡಿಯದು. ಎರಡು ವರ್ಷಕ್ಕಿಂತ ಹಳೆಯದನ್ನು ಪೂರ್ತಿ ಬೆಲೆ ತೆತ್ತು ಕೊಳ್ಳಬೇಕಾದ ದರ್ದು ಯಾರಿಗೂ ಇಲ್ಲ. ಐಎಸ್‌ಐ ಮುದ್ರೆ ಇದೆಯೇ ಎಂದೂ ನೋಡಿಕೊಳ್ಳಿ. ಟಯರಿನ ಮೇಲಿನ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ರಸೀದಿಯಲ್ಲಿ ಅದು ಕಾಣಿಸಬೇಕು.

ಹಾಕಿಸುವಾಗ ಪಾರ್ಶ್ವದ ಮೇಲಿನ ಬಾಣದ ಗುರುತು ಚಕ್ರ ತಿರುಗುವ ದಿಕ್ಕಿಗೇ ಇದೆಯೇ ಎಂದು ನಿಂತು ನೋಡಿ. ಸಮತೋಲನ ಮಾಡಿಸದೆ ಬರಬೇಡಿ. ಹೊಸ ಟಯರಿನ ಮೇಲ್ಮೈ ನುಣುಪಾಗಿರುವುದರಿಂದ ಮೊದಲ ನೂರೈವತ್ತು, ಇನ್ನೂರು ಕಿಲೋಮೀಟರು ಹೆಚ್ಚು ಬಾಗಿಸದೆ, ಥಟ್ಟನೆ ಬ್ರೇಕು ಹಾಕದೆ ಓಡಿಸಬೇಕು. ಆ ಇನ್ನೂರು ಕಿಲೋಮೀಟರು ಮಳೆಯ ಘಟ್ಟದಲ್ಲಾಗದಂತೆ ಪ್ರವಾಸಕ್ಕೆ ವಾರ ಮೊದಲೇ ಟಯರು ಬದಲಿಸಿಕೊಳ್ಳಿ. ಗಾಳಿಯನ್ನು ಬೆಳಗ್ಗೆ, ಟಯರು ತಣ್ಣಗಿರುವಾಗ, ಕೈಪಿಡಿಯಲ್ಲಿ ಹೇಳಿದಷ್ಟು ತುಂಬಿಸಬೇಕು. ಹಿಂಬದಿ ಸವಾರರೂ ಸಾಮಾನೂ ಇದ್ದರೆ ಹಿಂಚಕ್ರಕ್ಕೆ ಹೇಳಿರುವ ಪ್ರಮಾಣ ಬೇರೆಯೇ ಇರುತ್ತದೆ. ಮಣ್ಣುದಾರಿಗಾಗಿ ಗಾಳಿ ಇಳಿಸುವ ಅಭ್ಯಾಸವಿರುವವರು ಡಾಂಬರಿಗೆ ಮರಳಿದ ಕೂಡಲೇ ತುಂಬಿಸಲು ಪುಟ್ಟ ಪಂಪೊಂದನ್ನು ಪೆಟ್ಟಿಗೆಯಲ್ಲಿ ಇಟ್ಟುಕೊಂಡಿರಬೇಕು.