ಹೂಗ್ಲಿ ದಡದ ಹಡಗಿಗೆ ಬೆಂಗಳೂರಿನ ಲೆಕ್ಕ

ಕೋಲ್ಕತ್ತಕ್ಕೆ ಬಂದ ಕನ್ನಡಿಗರು ಬೊಟಾನಿಕಲ್ ಗಾರ್ಡನ್‌ನ ದೊಡ್ಡ ಆಲದ ಮರ ನೋಡಿ ವಾಪಸಾಗುತ್ತಾರೆ. ನದಿಯ ದಂಡೆಗೂ ಹೋಗಿ ನೋಡಿ. ಎದುರು ದಡದಲ್ಲಿರುವುದು ಗಾರ್ಡನ್ ರೀಚ್ ಹಡಗುಕಟ್ಟೆ, ಅಂದರೆ ಜಿಆರ್‌ಎಸ್‌ಇ. 1884ರಲ್ಲಿ ಸಣ್ಣ ವರ್ಕ್‌ಶಾಪ್ ಆಗಿ ಶುರುವಾದ ಇದು 1961ರಲ್ಲಿ ಸ್ವತಂತ್ರ ಭಾರತದಲ್ಲಿ ಕಟ್ಟಿದ ಮೊದಲ ಯುದ್ಧನೌಕೆ ‘ಅಜಯ್’ ಅನ್ನು ನೌಕಾಪಡೆಗೆ ಕೊಟ್ಟಿತು.

2023ರ ಮಾರ್ಚ್‌ನಲ್ಲಿ ರಕ್ಷಣಾ ಸಚಿವಾಲಯ 11 ಗಸ್ತುನೌಕೆಗಳಿಗೆ ಒಪ್ಪಂದ ಮಾಡಿಕೊಂಡಿತು. 7 ಗೋವಾ ಶಿಪ್‌ಯಾರ್ಡ್‌ಗೆ, 4 ಇಲ್ಲಿಗೆ. ಈ ನೌಕೆಗಳಿಗಾಗಿ ನಮ್ಮ ಬೆಂಗಳೂರಿನ ಬಿಇಎಲ್‌ನಿಂದ 13 ‘ಲಿಂಕ್ಸ್-ಯು2’ ಫೈರ್ ಕಂಟ್ರೋಲ್ ವ್ಯವಸ್ಥೆಗಳನ್ನು ಕೊಳ್ಳಲು 1,700 ಕೋಟಿ ರೂಪಾಯಿಗೂ ಮಿಕ್ಕ ಇನ್ನೊಂದು ಒಪ್ಪಂದವೂ ಆಯಿತು.

ಹೆಸರು ಕೇಳಿ ಬೆಂಕಿ ಆರಿಸುವ ಯಂತ್ರ ಅಂದುಕೊಂಡವರಿದ್ದಾರೆ! ಇದು ತೋಪಿಗೆ ಗುರಿ ಹೇಳಿಕೊಡುವ ಯಂತ್ರ. 76 ಮಿ.ಮೀ. ತೋಪಿನ ಗುಂಡು ಸೆಕೆಂಡಿಗೆ ಸುಮಾರು 900 ಮೀಟರ್ ವೇಗದಲ್ಲಿ ಹೊರಟರೂ 5 ಕಿ.ಮೀ. ದೂರ ತಲುಪಲು 6 ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಸೆಕೆಂಡಿಗೆ 15 ಮೀಟರ್ ಓಡುವ ಶತ್ರು ದೋಣಿ 90 ಮೀಟರ್ ದಾಟಿರುತ್ತದೆ. ನಮ್ಮ ಹಡಗೂ ತೂಗುತ್ತಿರುತ್ತದೆ, ಗಾಳಿ ಬೇರೆ. ರಾಡಾರ್ ಕಂಡದ್ದರಿಂದ ಇವೆಲ್ಲವನ್ನೂ ಕೂಡಿ ಕಳೆದು, ದೋಣಿ ಇರುವಲ್ಲಿಗಲ್ಲ, ಅದು ಬರುವಲ್ಲಿಗೆ ಗುರಿಯಿಡಬೇಕು.

ನನ್ನಂಥ ಸಾಫ್ಟ್‌ವೇರ್‌ನವನಿಗೆ ಇದರಲ್ಲಿ ನಿಜವಾಗಿ ಕುತೂಹಲದ ಸಂಗತಿ ಬಿಡಿಭಾಗ. ಹಡಗು 25-30 ವರ್ಷ ಬಾಳುತ್ತದೆ. ಅದರೊಳಗಿನ ಚಿಪ್ ತಯಾರಿಕೆ ಎಷ್ಟೋ ಸಲ ಹತ್ತು ವರ್ಷದೊಳಗೇ ನಿಂತುಹೋಗುತ್ತದೆ. ಆಗ ಇರುವ ದಾರಿಗಳು ಕಡಿಮೆ: ಮೊದಲೇ ಕೊಂಡು ಗೋದಾಮಿನಲ್ಲಿಡುವುದು, ಇನ್ನೊಂದು ಯಂತ್ರದಿಂದ ಕಿತ್ತು ಹಾಕುವುದು, ಇಲ್ಲವೇ ಹೊಸ ಚಿಪ್‌ಗೆ ತಕ್ಕಂತೆ ಇಡೀ ಕಾರ್ಡನ್ನು ಮರುವಿನ್ಯಾಸ ಮಾಡುವುದು. ಮೂರನೆಯದು ಸುಲಭವಲ್ಲ. ಹೊಸ ಚಿಪ್ ವೇಗವಾಗಿದ್ದರೂ ತೊಂದರೆಯೇ, ಸಮಯದ ಹೊಂದಾಣಿಕೆ ತಪ್ಪಿ ಪರೀಕ್ಷೆಗಳನ್ನೆಲ್ಲ ಮೊದಲಿನಿಂದ ನಡೆಸಬೇಕಾಗುತ್ತದೆ. ನಕ್ಷೆ, ಸೋರ್ಸ್ ಕೋಡ್ ನಮ್ಮ ಕೈಯಲ್ಲಿಲ್ಲದಿದ್ದರೆ ಅದೂ ಸಾಧ್ಯವಿಲ್ಲ.

ಬೋಫೋರ್ಸ್ ಕಥೆ ಗೊತ್ತೇ ಇದೆ. 1986ರಲ್ಲಿ 410 ತೋಪುಗಳಿಗೆ ಒಪ್ಪಂದವಾಯಿತು. ಹಗರಣದ ನಂತರ ಕಂಪನಿಯೊಡನೆ ವ್ಯವಹಾರ ನಿಂತು, ಬಿಡಿಭಾಗಗಳಿಗಾಗಿ ಕೆಲವು ತೋಪುಗಳನ್ನೇ ಬಿಚ್ಚಬೇಕಾಯಿತು. ಆದರೆ ಅದೇ ಒಪ್ಪಂದದಲ್ಲಿ ಸಿಕ್ಕ ನಕ್ಷೆಗಳನ್ನು ಬಳಸಿ ಮುಂದೆ ಜಬಲ್ಪುರದಲ್ಲಿ ‘ಧನುಷ್’ ತಯಾರಾಯಿತು. ಎಷ್ಟೋ ವರ್ಷ ಕಪಾಟಿನಲ್ಲಿ ಕುಳಿತಿದ್ದ ಕಾಗದ!

ಬಿಡಿಭಾಗ ಯಾವಾಗಲೂ ಲೋಹದ್ದೇ ಆಗಬೇಕಿಲ್ಲ. 1991ರ ಫೆಬ್ರವರಿ 25ರಂದು ಸೌದಿಯ ದಹ್ರಾನ್‌ನಲ್ಲಿ ಅಮೆರಿಕದ ಪೇಟ್ರಿಯಟ್ ಕ್ಷಿಪಣಿ ವ್ಯವಸ್ಥೆ 100 ಗಂಟೆ ಸತತವಾಗಿ ಓಡಿತ್ತು. ಸೆಕೆಂಡಿನ ಹತ್ತನೇ ಒಂದು ಭಾಗವನ್ನು 24 ಬಿಟ್‌ಗಳಲ್ಲಿ ಬರೆದಾಗ ಉಳಿದ ಕಿಂಚಿತ್ ದೋಷ ಬೆಳೆಬೆಳೆದು 0.34 ಸೆಕೆಂಡಾಗಿತ್ತು. ಬರುತ್ತಿದ್ದ ಸ್ಕಡ್ ಕ್ಷಿಪಣಿಯನ್ನು ಅದು ತಪ್ಪು ಜಾಗದಲ್ಲಿ ಹುಡುಕಿತು. 28 ಸೈನಿಕರು ಸತ್ತರು. ತಿದ್ದಿದ ಸಾಫ್ಟ್‌ವೇರ್ ಅಲ್ಲಿಗೆ ತಲುಪಿದ್ದು ಮರುದಿನ, 26ರಂದು.

ಹಾಗಾಗಿ ಲಿಂಕ್ಸ್ ವಿನ್ಯಾಸ ನಮ್ಮದೇ ಎಂಬುದು ನನಗೆ ಬರೀ ಅಭಿಮಾನದ ಮಾತಲ್ಲ. 2045ರಲ್ಲಿ ಒಂದು ಕಾರ್ಡ್ ಕೆಟ್ಟರೆ ಕೇಳಬೇಕಾದವರು ಬೆಂಗಳೂರಿನಲ್ಲೇ ಇರುತ್ತಾರೆ. ಹಾಗೆಂದು ಒಳಗಿನ ಪ್ರತಿ ಚಿಪ್ಪೂ ದೇಶದ್ದೆಂದು ಭಾವಿಸಬೇಡಿ. ಆಮದಾಗುತ್ತಿರುವ ರಕ್ಷಣಾ ಬಿಡಿಭಾಗಗಳನ್ನು ಇಲ್ಲೇ ಮಾಡುವವರಿಗಾಗಿ ಸರ್ಕಾರ 2020ರಿಂದ ‘ಸೃಜನ್’ ಪೋರ್ಟಲ್‌ನಲ್ಲಿ ಪಟ್ಟಿ ಮಾಡುತ್ತಿದೆ. ಪೀಣ್ಯದಲ್ಲಿ ವರ್ಕ್‌ಶಾಪ್ ಇಟ್ಟಿರುವ ನೆಂಟರಿದ್ದರೆ ಒಮ್ಮೆ ಅದನ್ನು ತೆರೆದು ನೋಡಲು ಹೇಳಿ.