ಎರಡು ಚರಗಳ ಕಲನ: ನಂಬಿಕೆ ಏನು, ಸತ್ಯ ಏನು?

ಪಿಯುಸಿವರೆಗಿನ ಕಲನಶಾಸ್ತ್ರ ಒಂದೇ ಚರದ್ದು. ಎರಡು ಚರಗಳ ಫಂಕ್ಷನ್ ಎದುರಾಗುವುದು ಬಿ.ಎಸ್ಸಿ., ಬಿ.ಇ.ಗೆ ಹೋದ ಮೇಲೆ. ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರಿಂದ ಹೋದ ಮಕ್ಕಳು ಅಲ್ಲಿ ತಡವರಿಸಿದರೆ ‘ಗಣಿತ ತಲೆಗೆ ಹತ್ತಲ್ಲ’ ಎಂದುಬಿಡುತ್ತೇವೆ. ಅವರನ್ನು ತಡೆಯುವುದು ಕೆಲವು ತಪ್ಪು ಕಲ್ಪನೆಗಳು. ಅವನ್ನು ತಿದ್ದಬಹುದು.

ತಪ್ಪು ಕಲ್ಪನೆ: ಲೆಕ್ಕ ಮಾಡಲು ಬಂದರೆ ವಿಷಯ ಅರ್ಥವಾದಂತೆ.

ಸತ್ಯ: ವೈ ಸ್ಥಿರವೆಂದು ಹಿಡಿದು ‘ಎಕ್ಸ್² × ವೈ’ಯನ್ನು ಅವಕಲಿಸಿದರೆ ‘2 × ಎಕ್ಸ್ × ವೈ’ ಬರುತ್ತದೆ. ಎಕ್ಸ್ 1, ವೈ 3 ಇದ್ದಲ್ಲಿ ಉತ್ತರ 6. ಈ 6 ಏನೆಂದು ಕೇಳಿದರೆ ಬಹಳ ಮಂದಿ ಸುಮ್ಮನಾಗುತ್ತಾರೆ. ಎರಡು ಚರಗಳ ಫಂಕ್ಷನ್ನಿನ ಚಿತ್ರ ಒಂದು ಮೇಲ್ಮೈ; ವೈ 3 ಇರುವ ಕಡೆ ಅದನ್ನು ನೆಟ್ಟಗೆ ಸೀಳಿದರೆ ಒಂದು ವಕ್ರರೇಖೆ ಸಿಗುತ್ತದೆ. ಆ ಬಿಂದುವಿನಲ್ಲಿ ಅದರ ಇಳಿಜಾರೇ 6. ಮರಿಯಾ ತ್ರಿಗೇರೋಸ್ ಮತ್ತು ರಫಾಯೆಲ್ ಮಾರ್ಟಿನೆಜ್-ಪ್ಲಾನೆಲ್ 2010ರಲ್ಲಿ ಪ್ರಕಟಿಸಿದ ಅಧ್ಯಯನವೂ ವಿದ್ಯಾರ್ಥಿಗಳಿಗೆ ತೊಡಕಾಗುವುದು ಇಂಥ ಸೀಳುನೋಟವೇ ಎಂದು ತೋರಿಸಿತು.

ತಪ್ಪು ಕಲ್ಪನೆ: ಎಲ್ಲ ನೇರ ದಾರಿಗಳಲ್ಲೂ ಒಂದೇ ಬೆಲೆ ಬಂದರೆ ಲಿಮಿಟ್ ಇದ್ದೇ ಇರುತ್ತದೆ.

ಸತ್ಯ: ‘ಎಕ್ಸ್² × ವೈ’ಯನ್ನು ‘ಎಕ್ಸ್⁴ + ವೈ²’ದಿಂದ ಭಾಗಿಸಿ. ಯಾವ ಸರಳರೇಖೆಯ ಮೇಲೆ ಮೂಲಬಿಂದುವಿನತ್ತ ಬಂದರೂ ಬೆಲೆ 0ಗೆ ಹತ್ತಿರವಾಗುತ್ತದೆ. ಆದರೆ ವೈ = ಎಕ್ಸ್² ಎಂಬ ಪರವಲಯದ ಮೇಲೆ ಬಂದರೆ ಉದ್ದಕ್ಕೂ 1/2! ಹಾಗಾಗಿ ಲಿಮಿಟ್ ಇಲ್ಲ. ಒಂದೇ ಚರವಿದ್ದಾಗ ಎಡ, ಬಲ ಎರಡೇ ದಿಕ್ಕು. ಇಲ್ಲಿ ದಾರಿಗಳಿಗೆ ಲೆಕ್ಕವಿಲ್ಲ.

ತಪ್ಪು ಕಲ್ಪನೆ: ಮೇಲ್ಮೈಯನ್ನು ಗುಡ್ಡವೆಂದುಕೊಂಡರೆ, ಗ್ರೇಡಿಯಂಟ್ ಬಾಣ ಅದರ ತುದಿಯನ್ನು ತೋರಿಸುತ್ತದೆ.

ಸತ್ಯ: ನಿಂತ ಜಾಗದಿಂದ ಅತಿ ಕಡಿದಾದ ಏರು ಯಾವ ಕಡೆಗಿದೆ ಎಂಬುದನ್ನಷ್ಟೇ ಅದು ಹೇಳುತ್ತದೆ. ಬಾಣ ಇರುವುದೂ ಗುಡ್ಡದ ಮೇಲಲ್ಲ, ನಕ್ಷೆಯ ಹಾಳೆಯ ಮೇಲೆ. ನಮ್ಮ ಸೀಮೆಯ ಒಣಬೇಸಾಯದ ಹೊಲದಲ್ಲಿ ಹಾಕುವ ಸಮಪಾತಳಿ ಒಡ್ಡನ್ನೇ ನೋಡಿ. ಒಡ್ಡಿನುದ್ದಕ್ಕೂ ನೆಲದ ಎತ್ತರ ಒಂದೇ. ಮಳೆನೀರು ಅದಕ್ಕೆ ಲಂಬವಾಗಿ ಹರಿದು ಬಂದು ನಿಲ್ಲುತ್ತದೆ. ನೀರು ಹರಿಯುವ ದಿಕ್ಕಿಗೆ ನೇರ ವಿರುದ್ಧವಾದದ್ದೇ ಗ್ರೇಡಿಯಂಟ್.

ಒಡ್ಡಿನಂತೆಯೇ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು ನಕ್ಷೆಯಲ್ಲಿ ಸಮೋನ್ನತಿ ರೇಖೆಗಳು. ಭಾರತೀಯ ಸರ್ವೇಕ್ಷಣಾ ಇಲಾಖೆಯ 1:50,000 ನಕ್ಷೆಯಲ್ಲಿ ಇವುಗಳ ನಡುವಿನ ಎತ್ತರದ ಅಂತರ ಸಾಮಾನ್ಯವಾಗಿ 20 ಮೀಟರ್. ರೇಖೆಗಳು ಒತ್ತೊತ್ತಾಗಿದ್ದಲ್ಲಿ ಏರು ಹೆಚ್ಚು, ಬಾಣ ಉದ್ದ. ಸೂತ್ರಕ್ಕೆ ಮೊದಲು ಇಂಥ ನಕ್ಷೆಯೊಂದನ್ನು ಮಕ್ಕಳ ಮುಂದಿಡಿ; ಸೀಳುನೋಟವನ್ನು ಅವರ ಕೈಯಿಂದಲೇ ಬರೆಸಿ. ಒಡ್ಡು ಹಾಕುವುದನ್ನು ನೋಡುತ್ತ ಬೆಳೆದವರಿಗೆ ಈ ಗಣಿತ ಖಂಡಿತ ಎಟುಕುತ್ತದೆ.